ಹೊಲದ ಬದುವೇ ದೇಶದ ಗಡಿ

ದೇಶಗಳ ಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪರ್ವತಶ್ರೇಣಿ, ಮಹಾನದಿ, ಇಲ್ಲವೆ ಕಾವಲಿರುವ ತಂತಿಬೇಲಿ. ಆದರೆ ಬೆಲ್ಜಿಯಮ್ ಮತ್ತು ನೆದರ್ಲೆಂಡ್ಸ್ ದೇಶಗಳು ಸಂಧಿಸುವೆಡೆಯಲ್ಲಿರುವ ಬಾರ್ಲೆ ಎಂಬ ಊರಿನಲ್ಲಿ ಇವಾವುವೂ ಇಲ್ಲ. ಅಲ್ಲಿ ಗಡಿಯೆಂದರೆ ಬೀದಿಯ ಕಲ್ಲುಹಾಸಿನ ಮೇಲಿನ ಬಿಳಿಯ ಕೂಡುಗುರುತುಗಳ ಸಾಲು. ಆ ಸಾಲು ಅಂಗಡಿಯೊಳಗೆ ನುಗ್ಗಿ, ಮನೆಗಳ ಗೋಡೆಗಳನ್ನು ದಾಟಿ, ಹಿತ್ತಲಿನಿಂದ ಹೊರಬೀಳುತ್ತದೆ.

ಊರು ಒಂದೇ ಆದರೂ ಪುರಸಭೆಗಳು ಎರಡು. ಬೆಲ್ಜಿಯಮ್ಮಿನದು ಬಾರ್ಲೆ-ಹೆರ್ಟೊಖ್, ನೆದರ್ಲೆಂಡ್ಸಿನದು ಬಾರ್ಲೆ-ನಸ್ಸೌ. ಮೊದಲನೆಯದರ ವಿಸ್ತೀರ್ಣ ಸುಮಾರು 7.5 ಚದರ ಕಿಲೋಮೀಟರು ಮಾತ್ರ. ಅದೂ ಒಂದೆಡೆ ಇರದೆ, ಅದರ 22 ತುಂಡುಗಳು ಡಚ್ ನೆಲದ ನಡುವೆ ದ್ವೀಪಗಳಂತೆ ಚದುರಿವೆ. ಪರದೇಶದಿಂದ ಸುತ್ತುವರಿಯಲ್ಪಟ್ಟ ಇಂತಹ ಭೂಭಾಗವನ್ನು ‘ಪರಾವೃತ ಪ್ರದೇಶ’ ಎನ್ನೋಣ. ಇವುಗಳಲ್ಲಿ ಅತಿ ಚಿಕ್ಕದು ಒಂದು ಎಕರೆಗಿಂತಲೂ ಕಡಿಮೆ. ಇನ್ನೂ ವಿಚಿತ್ರವೆಂದರೆ, ಈ ಬೆಲ್ಜಿಯನ್ ತುಂಡುಗಳ ಒಡಲಲ್ಲಿ ಮತ್ತೆ 7 ಡಚ್ ತುಂಡುಗಳಿವೆ!

ಈ ವಿಚಿತ್ರ ನಕ್ಷೆಗೆ ಕಾರಣವೇನು? ಈ ಸೀಮೆಯು ಸಮತಟ್ಟಾದ ಮರಳುನೆಲ. ಅಡ್ಡಗಟ್ಟುವ ಬೆಟ್ಟವಾಗಲಿ ದೊಡ್ಡ ನದಿಯಾಗಲಿ ಇಲ್ಲಿಲ್ಲ. ಆದುದರಿಂದ ಉತ್ತರವನ್ನು ನಾವು ಬೇಸಾಯದ ಇತಿಹಾಸದಲ್ಲಿ ಹುಡುಕಬೇಕಾಗುತ್ತದೆ. 12ನೆಯ ಶತಮಾನದಲ್ಲಿ ಇಲ್ಲಿನ ಬಹುಭಾಗ ಕುರುಚಲು ಬೆಳೆದ ಬೀಳುಭೂಮಿ. ಅದರ ನಡುವೆ ಅಲ್ಲಲ್ಲಿ ಉತ್ತು ಬಿತ್ತಿದ ಹೊಲಗಳೂ ಮನೆಗಳೂ ಇದ್ದವು. 1198ರಲ್ಲಿ ಬ್ರಬಾಂಟಿನ ಡ್ಯೂಕ್ ಒಂದನೆಯ ಹೆನ್ರಿಯು ಬ್ರೇಡಾದ ಒಡೆಯನೊಡನೆ ಒಪ್ಪಂದ ಮಾಡಿಕೊಂಡು, ಸಾಗುವಳಿಯಿಲ್ಲದ ನೆಲವನ್ನು ಅವನಿಗೆ ಬಿಟ್ಟುಕೊಟ್ಟನು. ಒಕ್ಕಲುಗಳಿದ್ದು ತನಗೆ ಕಂದಾಯ ಬರುತ್ತಿದ್ದ ತುಂಡುಗಳನ್ನು ತಾನೇ ಉಳಿಸಿಕೊಂಡನು. ‘ಹೆರ್ಟೊಖ್’ ಎಂದರೆ ಡಚ್ ಭಾಷೆಯಲ್ಲಿ ಡ್ಯೂಕ್ ಎಂದೇ ಅರ್ಥ. ಬ್ರೇಡಾ ಸೀಮೆಯು ಮುಂದೆ ನಸ್ಸೌ ಮನೆತನಕ್ಕೆ ಸೇರಿದುದರಿಂದ ಇನ್ನೊಂದು ಹೆಸರು ಬಂದಿತು. ಹೀಗೆ ಇಂದಿನ ನಕ್ಷೆಯ ಚೂರುಗಳು ಅಂದಿನ ಹೊಲಗಳ ಅಚ್ಚೊತ್ತಿದ ಗುರುತುಗಳು.

ಒಡೆಯರ ನಡುವಣ ಈ ಬದುವು 1648ರ ಶಾಂತಿ ಒಪ್ಪಂದದಿಂದ ಎರಡು ರಾಜ್ಯಗಳ ನಡುವಿನ ಗೆರೆಯಾಯಿತು. 1830ರಲ್ಲಿ ಬೆಲ್ಜಿಯಮ್ ಸ್ವತಂತ್ರವಾದ ಬಳಿಕ ಎರಡು ರಾಷ್ಟ್ರಗಳ ಗಡಿಯಾಯಿತು. 1843ರಲ್ಲಿ ಗಡಿ ನಿರ್ಧರಿಸಹೊರಟವರು ಇಲ್ಲಿ ಗೆರೆ ಎಳೆಯಲಾರದೆ, ಐದು ಸಾವಿರಕ್ಕೂ ಮಿಕ್ಕ ಜಮೀನುಗಳಲ್ಲಿ ಒಂದೊಂದೂ ಯಾರದೆಂದು ಪಟ್ಟಿ ಮಾಡಿದರು. ಆ ದಾಖಲೆಗಳಲ್ಲಿ 91 ಮತ್ತು 92ನೆಯ ನಂಬರಿನ ಎರಡು ಜಮೀನುಗಳ ವಿಷಯದಲ್ಲಿ ವ್ಯತ್ಯಾಸ ಕಂಡುಬಂದು, ವ್ಯಾಜ್ಯವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. 1959ರಲ್ಲಿ ನ್ಯಾಯಾಲಯವು ಅವು ಬೆಲ್ಜಿಯಮ್ಮಿಗೆ ಸೇರಿದುವೆಂದು ತೀರ್ಪಿತ್ತಿತು.

ಇನ್ನು ಜನಸಂಖ್ಯೆಯನ್ನು ನೋಡೋಣ. ಬಾರ್ಲೆ-ಹೆರ್ಟೊಖ್‌ನಲ್ಲಿ ಸುಮಾರು 3,000 ಜನರೂ, 76 ಚದರ ಕಿಲೋಮೀಟರು ವಿಸ್ತಾರದ ಬಾರ್ಲೆ-ನಸ್ಸೌದಲ್ಲಿ ಸುಮಾರು 7,000 ಜನರೂ ಇದ್ದಾರೆ. ಭಾಗಿಸಿ ನೋಡಿದರೆ, ಮೊದಲನೆಯದರಲ್ಲಿ ಚದರ ಕಿಲೋಮೀಟರಿಗೆ 400 ಮಂದಿ, ಎರಡನೆಯದರಲ್ಲಿ 92. ಊರಿನ ನಡುಭಾಗದ ಗಣನೀಯ ಪಾಲು ಬೆಲ್ಜಿಯನ್ ತುಂಡುಗಳಲ್ಲಿಯೂ, ವಿಶಾಲವಾದ ಹೊಲಗಳು ಡಚ್ ಪಾಲಿನಲ್ಲಿಯೂ ಇರುವುದೇ ಇದಕ್ಕೆ ಕಾರಣ. ಜನರಿದ್ದ ನೆಲ ಡ್ಯೂಕನಿಗೆ, ಜನರಿಲ್ಲದ ನೆಲ ಬ್ರೇಡಾಕ್ಕೆ ಎಂಬ ಆ ಹಳೆಯ ಹಂಚಿಕೆಯ ಛಾಯೆ ಈ ಅಂಕಿಗಳಲ್ಲಿಯೂ ಕಾಣುತ್ತದೆ.

ಗಡಿಯು ಮನೆಯೊಳಗೇ ಹಾದುಹೋದರೆ ಆ ಮನೆ ಯಾವ ದೇಶದ್ದು? ಮುಂಬಾಗಿಲು ಯಾವ ನೆಲದಲ್ಲಿದೆಯೋ ಆ ದೇಶದ್ದು ಎಂಬುದು ರೂಢಿಯ ನಿಯಮ. ಎರಡು ಪುರಸಭೆಗಳು, ಇಬ್ಬರು ಮೇಯರುಗಳು ಇದ್ದರೂ ಪುಸ್ತಕಭಂಡಾರ ಒಂದೇ. ಹಲವು ಕೆಲಸಗಳನ್ನು ಕೂಡಿ ನಡೆಸುತ್ತಾರೆ. ಆದರೂ ಗೆರೆ ಅಳಿದುಹೋಗಿಲ್ಲ. 1914ರಲ್ಲಿ ಜರ್ಮನಿಯು ಬೆಲ್ಜಿಯಮ್ಮನ್ನು ಆಕ್ರಮಿಸಿದಾಗ, ತಟಸ್ಥವಾಗಿದ್ದ ಡಚ್ ನೆಲವನ್ನು ದಾಟದೆ ಈ ತುಂಡುಗಳನ್ನು ಮುಟ್ಟಲು ಸಾಧ್ಯವಿರಲಿಲ್ಲ. ಅವು ಸ್ವತಂತ್ರವಾಗಿಯೇ ಉಳಿದವು. 2020ರ ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ ಎರಡು ದೇಶಗಳ ನಿರ್ಬಂಧಗಳು ಬೇರೆಬೇರೆಯಾಗಿದ್ದುದರಿಂದ, ಗಡಿಯ ಮೇಲಿದ್ದ ಒಂದು ಅಂಗಡಿಯ ಬೆಲ್ಜಿಯನ್ ಭಾಗ ಮುಚ್ಚಿ, ಡಚ್ ಭಾಗ ತೆರೆದಿತ್ತು!

ಇದು ದೂರದ ಊರಿನ ವಿನೋದವೆಂದು ನಾವು ನಕ್ಕು ಸುಮ್ಮನಾಗುವಂತಿಲ್ಲ. ನಮ್ಮ ದೇಶದ ಕೂಚ್ ಬಿಹಾರ ಸೀಮೆಯಲ್ಲಿಯೂ ಇಂಥವೇ ತುಂಡುಗಳಿದ್ದವು: ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದೇಶದ 51. ಅಲ್ಲಿನ ಜನ ಶಾಲೆ, ವಿದ್ಯುತ್ತು, ಮತದಾನ ಇವುಗಳಿಂದ ದಶಕಗಳ ಕಾಲ ವಂಚಿತರಾಗಿದ್ದರು. ತಮ್ಮ ದೇಶವನ್ನು ಮುಟ್ಟಲು ಪರದೇಶವನ್ನು ದಾಟಬೇಕಾಗಿತ್ತು. 2015ರ ಜುಲೈ 31ರ ಮಧ್ಯರಾತ್ರಿ ಈ ತುಂಡುಗಳ ವಿನಿಮಯವಾದ ಮೇಲೆಯೇ ಅವರು ತಾವು ನಿಂತ ನೆಲದ ಪ್ರಜೆಗಳಾಗಲು ಸಾಧ್ಯವಾಯಿತು.

ನಕ್ಷೆಯ ಮೇಲೆ ಎರಡೂ ಕಡೆಯ ಚಿತ್ರ ಹೆಚ್ಚುಕಡಿಮೆ ಒಂದೇ. ಬಾಳು ಮಾತ್ರ ಬೇರೆ. ಗೆರೆಯು ಹೇಗೆ ಸುತ್ತಿಕೊಂಡಿದೆ ಎಂಬುದನ್ನು ಭೂಗೋಳವೂ ಇತಿಹಾಸವೂ ತಿಳಿಸುತ್ತವೆ. ಅದು ಮನುಷ್ಯನಿಗೆ ಹೊಸ್ತಿಲಾಗುವುದೋ ಗೋಡೆಯಾಗುವುದೋ ಎಂಬುದು ಅದರ ಎರಡು ಪಕ್ಕಗಳಲ್ಲಿರುವವರ ಒಪ್ಪಂದವನ್ನು ಅವಲಂಬಿಸಿದೆ. ವಿದ್ಯಾರ್ಥಿಗಳು ತಮ್ಮ ಊರಿನ ಸರ್ವೆ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಲಿ. ಅಲ್ಲಿನ ಒಂದೊಂದು ಬದುವಿನ ಹಿಂದೆಯೂ ಯಾರೋ ಎಂದೋ ಉತ್ತ ನೇಗಿಲ ಸಾಲು ಇದ್ದೀತು.