ಸಮಸ್ಯೆಗಳ ಪಟ್ಟಿಯನ್ನು ಓದುವ ಕ್ರಮ



ಕಳೆದ ಜೂನ್ ತಿಂಗಳಲ್ಲಿ ಹಚ್ಚೊಳ್ಳಿಯ ತಾಯಿಯೊಬ್ಬರು ತಮ್ಮ ಕಿರಿಯ ಮಗಳನ್ನು ಶಾಲೆಗೆ ಸೇರಿಸುವದಕ್ಕೋಸ್ಕರ ಬಂದಿದ್ದರು. ನಮ್ಮಲ್ಲಿಯೇ ಓದಿದ ಅವರ ಹಿರಿಯ ಮಗಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. "ರಾತ್ರಿಯೆಲ್ಲಾ ಕಂಪ್ಯೂಟರ್ ಮುಂದ ಕುಂತು ಪ್ರಾಬ್ಲಮ್ ಲಿಸ್ಟ್ ಫಿಲ್ಟರ್ ಮಾಡ್ತೀನಿ ಅಂತಾಳ್ರೀ. ಮಂದಿ ತ್ರಾಸು ಪಟ್ಟಿ ಮಾಡೋದೂ ಒಂದು ನೌಕರೀನಾ?" ಎಂದು ಆ ತಾಯಿ ಕೇಳಿದರು. ಸೇರ್ಪಡೆಯ ಗಲಾಟೆಯಲ್ಲಿ ನಾನು ಅವರಿಗೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆನು. ಆ ಸಾಲವನ್ನು ಇಲ್ಲಿ ತೀರಿಸುವೆನು.

ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರು ಕೆಟ್ಟವರೆಲ್ಲರೂ ತಿಳಿಸತಕ್ಕ ಒಂದು ಸ್ಥಳವಿರುವದು; ಅದಕ್ಕೆ ಸರ್ವಿಸ್ ಡೆಸ್ಕ್ ಎಂದು ಹೆಸರು. ಬಂದ ದೂರು ಒಂದೊಂದನ್ನೂ ಇನ್ಸಿಡೆಂಟ್, ಅಂದರೆ ಘಟನೆ, ಎಂದು ಬರಕೊಳ್ಳುವರು. ಹತ್ತು ಮಂದಿ ಹತ್ತು ದಿವಸಗಳಲ್ಲಿ ಮುದ್ರಣಯಂತ್ರವು ನಿಂತಿತೆಂದು ದೂರಿದರೆ ಅವು ಹತ್ತು ಘಟನೆಗಳು. ಪ್ರತಿ ಸಾರಿಯೂ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಆ ದೂರು ಮುಗಿಯಿತು, ಆದರೆ ಕಾರಣವು ಮುಗಿಯಲಿಲ್ಲ. ಆ ಹತ್ತಕ್ಕೂ ಮೂಲವಾದ ಒಂದೇ ಕಾರಣಕ್ಕೆ ಪ್ರಾಬ್ಲಮ್, ಅಂದರೆ ಸಮಸ್ಯೆ, ಎಂದು ಹೆಸರಿಟ್ಟು ಬೇರೆಯಾದ ದಾಖಲೆಯನ್ನು ತೆರೆಯುವರು. 1980ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರಕಾರದ ಇಲಾಖೆಯೊಂದು ಪ್ರಕಟಿಸಲಾರಂಭಿಸಿದ ಐ.ಟಿ.ಐ.ಎಲ್. ಎಂಬ ಗ್ರಂಥಮಾಲೆಯು ಈ ಭೇದವನ್ನು ಲೋಕದಲ್ಲೆಲ್ಲಾ ರೂಢಿಗೆ ತಂದಿತು.

ಸಮಸ್ಯೆಯ ದಾಖಲೆಯಲ್ಲಿ ಒಂದು ಸಂಖ್ಯೆ, ಶೀರ್ಷಿಕೆ, ಯಾವ ಸೇವೆಗೆ ತೊಂದರೆಯಾಯಿತೆಂಬುದು, ಯಾರ ವಶದಲ್ಲಿದೆಯೆಂಬುದು, ಎಷ್ಟು ಜರೂರಿನದೆಂಬುದು, ಎಷ್ಟು ದೂರುಗಳು ಅದರೊಡನೆ ಕೂಡಿಕೊಂಡಿವೆಯೆಂಬುದು, ಸದ್ಯದ ಸ್ಥಿತಿ, ಇವೆಲ್ಲಾ ಇರುವವು. ಸಂಖ್ಯೆಯ ಉಪಯೋಗವನ್ನು ನಮ್ಮ ಪೋಷಕರಿಗೆ ವಿವರಿಸಬೇಕಾಗಿಲ್ಲ. 2012ನೆಯ ಏಪ್ರಿಲ್ 2ರಂದು ನಮ್ಮ ರಾಜ್ಯದಲ್ಲೆಲ್ಲಾ ಸಕಾಲ ಯೋಜನೆಯು ಜಾರಿಗೆ ಬಂದಂದಿನಿಂದ, ಅರ್ಜಿಗೆ ಸಂಖ್ಯೆಯಿದ್ದರೆ ಅದನ್ನು ಹುಡುಕಿ ಕೇಳಬಹುದೆಂದು ಎಲ್ಲರೂ ಕಲಿತಿದ್ದೇವೆ. ಸ್ಥಿತಿಗಳಲ್ಲಿ ಒಂದನ್ನು ಮಾತ್ರ ಹೇಳುವೆನು: ಕಾರಣವು ಗೊತ್ತಾಗಿ ಪೂರ್ಣ ಪರಿಹಾರವು ಇನ್ನೂ ಆಗದಿದ್ದರೆ ಅದು "ತಿಳಿದ ದೋಷ". ಈ ಪ್ರಾಮಾಣಿಕವಾದ ಹೆಸರು ನನಗೆ ಬಹಳ ಮೆಚ್ಚಿಗೆಯಾಯಿತು.

ಫಿಲ್ಟರ್ ಎಂದರೆ ನಮ್ಮ ಸಾಣಿಗೆಯೇ. ಸಿರುಗುಪ್ಪದ ಸೀಮೆಯಲ್ಲಿ ಭತ್ತವನ್ನು ಕಂಡವರಿಗೆ ಅದರ ಅರ್ಥವು ತಾನೇ ಹೊಳೆಯುವದು. "ತೆರೆದಿರುವವು" ಎಂದು ಸೋಸಿದರೆ ಮುಗಿದವು ಮರೆಯಾಗುವವು. ಅದರ ಮೇಲೆ "ಜರೂರಿನವು" ಎಂದು ಇನ್ನೊಂದು ನಿಬಂಧನೆಯನ್ನು ಕೂಡಿಸಿದರೆ ಪಟ್ಟಿಯು ಮತ್ತೂ ಕಿರಿದಾಗುವದು. "ಇದು ಮತ್ತು ಅದು" ಎಂದರೆ ಪಟ್ಟಿಯು ಕುಗ್ಗುವದು, "ಇದು ಅಥವಾ ಅದು" ಎಂದರೆ ಹಿಗ್ಗುವದು. ಹೊಸಬರು ಬಹುತರವಾಗಿ ಇಲ್ಲಿಯೇ ತಪ್ಪುವರು. ಇನ್ನೂ ಕೆಲವರು, ನಿನ್ನೆ ಹಾಕಿದ ಸಾಣಿಗೆಯನ್ನು ತೆಗೆಯದೆಯೇ ಇಂದಿನ ಪಟ್ಟಿಯನ್ನು ನೋಡಿ, ಸಮಸ್ಯೆಗಳೇ ಇಲ್ಲವೆಂದು ಸಂತೋಷಪಡುವರು.

ಇದನ್ನೆಲ್ಲಾ ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಹಾಜರಿಯ ಪಟ್ಟಿಯಿಂದ. ಕೆಲವು ವರುಷಗಳ ಕೆಳಗೆ ಮೇಲಿನ ತರಗತಿಗಳಲ್ಲಿ ಗೈರುಹಾಜರಿಯು ಹೆಚ್ಚಿತು. ಒಂದೊಂದು ಗೈರನ್ನೂ ಒಂದೊಂದು ಘಟನೆಯೆಂದೆಣಿಸಿ ಮನೆಮನೆಗೆ ಪತ್ರ ಬರೆದೆನು. ನಾಟಿಯ ಕಾಲದಲ್ಲಿ ಮಗಳನ್ನು ಗದ್ದೆಗೆ ಕಳುಹಿಸಿದಿರೆಂದು ಕೆಲವು ತಂದೆತಾಯಿಗಳ ಮೇಲೆ ಹೊರಿಸಿಯೂ ಬರೆದೆನು. ತರಗತಿವಾರು ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ಕಡೆಗೆ ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯು ಊರು ಮತ್ತು ವಾರ ಎಂಬ ಎರಡು ನಿಬಂಧನೆಗಳನ್ನು ಕೂಡಿಸಿ ಸೋಸಿದಾಗ, ಹಚ್ಚೊಳ್ಳಿಯ ಕಡೆಯ ಹುಡುಗಿಯರು ಮಂಗಳವಾರ ಮತ್ತು ಗುರುವಾರಗಳಲ್ಲಿಯೇ ಬಾರದಿರುವದು ಸ್ಪಷ್ಟವಾಯಿತು. ಆ ಎರಡು ಸಂಜೆಗಳಲ್ಲಿ ವಿಶೇಷ ಪಾಠಗಳನ್ನಿಟ್ಟವಳು ನಾನೇ. ಪಾಠವು ಮುಗಿಯುವಷ್ಟರಲ್ಲಿ ಅವರ ಬಸ್ಸು ಹೊರಟುಹೋಗುತ್ತಿತ್ತು. ಕತ್ತಲಲ್ಲಿ ಕಾಯುವದಕ್ಕಿಂತ ಆ ದಿವಸ ಶಾಲೆಯನ್ನೇ ಬಿಡುವದು ಲೇಸೆಂದು ಅವರ ಮನೆಗಳಲ್ಲಿ ತೀರ್ಮಾನಿಸಿದ್ದರು. ಪಾಠಗಳನ್ನು ಬೆಳಿಗ್ಗೆಗೆ ಬದಲಾಯಿಸಿ, ಆ ಊರಿನ ಹುಡುಗಿಯರನ್ನೆಲ್ಲಾ ಕರೆಯಿಸಿ ತಿಳಿಸಿದೆವು. ಅವರಲ್ಲಿ ಬಹುಮಂದಿ ಹಿಂದಿರುಗಿದರು.

ಒಬ್ಬಳು ಹಿಂದಿರುಗಲಿಲ್ಲ; ಅವಳನ್ನು ನಾವು ಕರೆಯಲೇ ಇಲ್ಲ. ಅವಳ ಊರನ್ನು ನಮ್ಮ ದಾಖಲೆಯಲ್ಲಿ "ಹಚ್ಚೋಳಿ" ಎಂದು ಬರೆದಿದ್ದರು. ಸಾಣಿಗೆಗೆ ಅಕ್ಷರವು ಗೊತ್ತೇ ಹೊರತು ಊರು ಗೊತ್ತಿಲ್ಲ. ವರುಷದ ಕೊನೆಯಲ್ಲಿ ಅವಳ ತಂದೆ ವರ್ಗಾವಣೆ ಪತ್ರಕ್ಕಾಗಿ ಬಂದಾಗ ಈ ತಪ್ಪು ನನ್ನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಪರೀಕ್ಷೆಯು ಕಳೆದುಹೋಗಿತ್ತು.

ಸೋಸಿದ ಪಟ್ಟಿಯ ಹೊರಗೆ ಉಳಿದವರನ್ನು ಹುಡುಕಿಕೊಂಡು ಹೋದವರ ದೃಷ್ಟಾಂತವೊಂದು ಚರಿತ್ರೆಯಲ್ಲಿದೆ. 1854ರಲ್ಲಿ ಲಂಡನ್ನಿನ ಸೋಹೋ ಎಂಬ ಭಾಗದಲ್ಲಿ ಕಾಲರಾ ಬಂದಾಗ ವೈದ್ಯರಾದ ಜಾನ್ ಸ್ನೋ ಎಂಬವರು ಮರಣದ ದಾಖಲೆಗಳಿಂದ 83 ಮಂದಿಯ ಪಟ್ಟಿಯನ್ನು ಪಡೆದು, ಯಾರ ಮನೆಗೆ ಯಾವ ನೀರಿನ ಪಂಪು ಹತ್ತಿರವೆಂದು ವಿಂಗಡಿಸಿದರು. ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಪಂಪಿನ ಸಮೀಪದವರು. ಬೇರೆ ಪಂಪು ಹತ್ತಿರವಾಗಿದ್ದವರು 10 ಮಂದಿ ಮಾತ್ರ. ಅವರನ್ನು ಅಲಕ್ಷ್ಯಮಾಡದೆ ಆತನು ಅವರ ಮನೆಗಳಲ್ಲಿ ವಿಚಾರಿಸಲು, ಐವರ ಮನೆಯವರು ಯಾವಾಗಲೂ ಬ್ರಾಡ್ ಸ್ಟ್ರೀಟಿನಿಂದಲೇ ನೀರು ತರಿಸುತ್ತಿದ್ದರೆಂದು ತಿಳಿಯಿತು. ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು. ರೋಗವು ಅಷ್ಟರಲ್ಲಾಗಲೇ ಇಳಿಮುಖವಾಗಿದ್ದರೂ, ಕಾರಣವನ್ನು ತೋರಿಸಿದ್ದು ಆ ಪಟ್ಟಿಯೇ.

ಈಗ ನಮ್ಮ ಶಾಲೆಯಲ್ಲಿ ಊರಿನ ಹೆಸರನ್ನು ಯಾರೂ ಕೈಯಿಂದ ಬರೆಯುವದಿಲ್ಲ, ಸಿದ್ಧಪಟ್ಟಿಯಿಂದ ಆರಿಸುವರು. ಪ್ರತಿ ತಿಂಗಳ ಮೊದಲ ಸೋಮವಾರ ಸಾಣಿಗೆಗಳನ್ನೆಲ್ಲಾ ತೆಗೆದು, ಪೂರ್ಣ ಪಟ್ಟಿಯ ಕೆಳಗಿನ ಒಟ್ಟು ಸಂಖ್ಯೆಯನ್ನು ಸೋಸಿದ ಪಟ್ಟಿಗಳ ಒಟ್ಟಿನೊಡನೆ ತಾಳೆನೋಡುವೆವು. ವ್ಯತ್ಯಾಸ ಬಂದರೆ, ಯಾವ ಊರಿನ ಕೆಳಗೂ ಬಾರದ ಸಾಲುಗಳನ್ನು ನಾನೇ ಓದುವೆನು. ಹಚ್ಚೊಳ್ಳಿಯ ಆ ತಾಯಿಯು ತಮ್ಮ ಹಿರಿಯ ಮಗಳನ್ನು ಒಂದು ಮಾತು ಕೇಳಲಿ: ನಿಮ್ಮಲ್ಲಿ ಆ ಸಾಲುಗಳನ್ನು ಓದುವವರು ಯಾರು?