ಓಎಸ್ ಹಾಕುವ ಕೆಲಸ: ಕೈಯಿಂದ ಎಷ್ಟು, ಕಡತದಿಂದ ಎಷ್ಟು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲೆ, ಸೊಸೈಟಿ, ಮಂಡಿಗಳ ಸಿಸ್ಟಂಗಳಿಗೆ ಓಎಸ್ ಹಾಕಿಕೊಡುವುದು ನನ್ನ ಕಸುಬು. ಪೆನ್‌ಡ್ರೈವ್ ಚುಚ್ಚಿ, ಬರುವ ಪ್ರತಿ ಪ್ರಶ್ನೆಗೂ ಕೂತು ಉತ್ತರ ಒತ್ತುವುದು ಒಂದು ದಾರಿ. ಉತ್ತರಗಳನ್ನೆಲ್ಲ ಮೊದಲೇ ಒಂದು ಕಡತದಲ್ಲಿ ಬರೆದಿಡುವುದು ಎರಡನೆಯದು. ಸಿದ್ಧವಾದ ಒಂದು ಸಿಸ್ಟಂನ ನಕಲು ಎತ್ತಿ ಉಳಿದವಕ್ಕೆ ಇಳಿಸುವುದು ಮೂರನೆಯದು. ಯಾವ ಜಾಗಕ್ಕೆ ಯಾವುದು ಎಂದು ಕೆಲಸವೇ ಕಲಿಸಿದೆ.

1. ಸಿಸ್ಟಂ ಎಷ್ಟಿವೆ ಅನ್ನುವುದಕ್ಕಿಂತ ಅವು ಒಂದೇ ಥರದವೇ ಎಂದು ಮೊದಲು ನೋಡಿ. ಮಂಡ್ಯದ ಕಾಲೇಜು ಲ್ಯಾಬ್‌ಗಳಲ್ಲಿ ಒಂದೇ ಟೆಂಡರ್‌ನಲ್ಲಿ ಬಂದ ಒಂದೇ ಮಾಡೆಲ್ ಸಾಲಾಗಿ ಕೂತಿರುತ್ತದೆ. ಅಲ್ಲಿ ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ನಕಲು ಎತ್ತಿ ಇಳಿಸುವುದಕ್ಕಿಂತ ಬೇಗದ ದಾರಿ ಇಲ್ಲ. ಹಲಗೂರು, ಬೆಳಕವಾಡಿ ಕಡೆಯ ಶಾಲೆಗೆ ಹೋದರೆ ಒಂದು ಸರ್ಕಾರದಿಂದ ಬಂದದ್ದು, ಒಂದು ಹಳೇ ವಿದ್ಯಾರ್ಥಿಗಳು ಕೊಡಿಸಿದ್ದು, ಇನ್ನೊಂದು ಬೆಂಗಳೂರಿನ ಯಾವುದೋ ಆಫೀಸಿನವರು ದಾನ ಕೊಟ್ಟದ್ದು. ಒಂದು ಹಳೆಯ ಬಯಾಸ್ ಕ್ರಮದಲ್ಲಿ ಬೂಟ್ ಆಗುತ್ತದೆ, ಪಕ್ಕದ್ದು ಯುಇಎಫ್‌ಐ ಕ್ರಮದಲ್ಲಿ. ದೊಡ್ಡ ಡಿಸ್ಕ್‌ನಿಂದ ಎತ್ತಿದ ನಕಲು ಚಿಕ್ಕ ಡಿಸ್ಕ್‌ಗೆ ಸುಲಭಕ್ಕೆ ಇಳಿಯುವುದಿಲ್ಲ. ಅಲ್ಲಿಗೆ ಉತ್ತರದ ಕಡತವೇ ಸರಿ. ಅದು ಪ್ರತಿ ಯಂತ್ರದಲ್ಲೂ ಹೊಸದಾಗಿ ಓಎಸ್ ಹಾಕುವುದರಿಂದ ಅಲ್ಲಿನ ಹಾರ್ಡ್‌ವೇರ್‌ಗೆ ತಕ್ಕ ಡ್ರೈವರ್ ಕೂರುತ್ತದೆ. ವಿಂಡೋಸ್‌ಗೆ ಇದು ಆಟೋಅನ್‌ಅಟೆಂಡ್ ಎಂಬ ಎಕ್ಸ್‌ಎಂಎಲ್ ಕಡತ. ಡೆಬಿಯನ್‌ಗೆ ಪ್ರಿಸೀಡ್, ರೆಡ್‌ಹ್ಯಾಟ್ ಬಳಗಕ್ಕೆ ಕಿಕ್‌ಸ್ಟಾರ್ಟ್. ಉಬುಂಟುವಿಗೆ 20.04ರ ಸರ್ವರ್‌ನಲ್ಲಿ ಶುರುವಾಗಿ ಈಗ ಡೆಸ್ಕ್‌ಟಾಪ್‌ಗೂ ಬಂದಿರುವ ಆಟೋಇನ್‌ಸ್ಟಾಲ್.

2. ಒಂದೇ ಒಂದು ಸಿಸ್ಟಂ, ಮತ್ತೆ ಆ ಕಡೆ ಹೋಗುವುದಿಲ್ಲ ಎಂದಾದರೆ ಕೈಯಿಂದಲೇ ಹಾಕಿ. ಕಡತ ಬರೆದು ಪರೀಕ್ಷೆ ಮಾಡುವ ಹೊತ್ತಿಗೆ ಕೆಲಸವೇ ಮುಗಿದಿರುತ್ತದೆ.

3. ಡಿಸ್ಕ್ ಯಾವುದು ಎಂಬ ಪ್ರಶ್ನೆಯನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ಮದ್ದೂರಿನ ಎಳನೀರು ಮಾರುಕಟ್ಟೆಯ ಮಂಡಿಗಳಲ್ಲಿ ರೈತರ ಬಾಕಿ, ಲಾರಿ ಬಾಡಿಗೆ ಎಲ್ಲ ಟ್ಯಾಲಿಯಲ್ಲಿರುತ್ತದೆ. "ಅಣ್ಣಾ, ಸಿ ಡ್ರೈವ್ ಮಾತ್ರ ಹೊಡೀರಿ, ಡಿ ಮುಟ್ಬ್ಯಾಡಿ" ಅನ್ನುತ್ತಾರೆ. ಅವರು ಡಿ ಅನ್ನುವುದು ಎಷ್ಟೋ ಸಲ ಬೇರೆಯದೇ ಹಾರ್ಡ್‌ಡಿಸ್ಕ್. ಸಿ ಇರುವುದು ಆಮೇಲೆ ಹಾಕಿಸಿದ ಎಸ್‌ಎಸ್‌ಡಿಯಲ್ಲಿ. ಕಡತದಲ್ಲಿ "ಡಿಸ್ಕ್ 0 ಅಳಿಸು" ಎಂದು ಬರೆದಿದ್ದರೆ ಸೊನ್ನೆ ಯಾವುದೆಂದು ತೀರ್ಮಾನವಾಗುವುದು ಹೆಚ್ಚಾಗಿ ಕೇಬಲ್ ಯಾವ ಪೋರ್ಟ್‌ಗೆ ಕೂತಿದೆ ಎನ್ನುವುದರ ಮೇಲೆ. ಅದು ಲೆಕ್ಕವಿರುವ ಡಿಸ್ಕ್ ಆಗಿಬಿಟ್ಟರೆ ಒಂದು ವರ್ಷದ ಲೆಕ್ಕ ಕಣ್ಣೆದುರೇ ಹೋಗುತ್ತದೆ. ವಿಂಡೋಸ್ ಕಡತದಲ್ಲಿ ಡಿಸ್ಕ್ ಭಾಗವನ್ನು ಬರೆಯದೆ ಬಿಟ್ಟರೆ ಸೆಟಪ್ ನಿಂತು ಕೇಳುತ್ತದೆ. ಉಬುಂಟುವಿನಲ್ಲಿ ಸ್ಟೋರೇಜ್ ಭಾಗವನ್ನು ಮಾತ್ರ ಇಂಟರ್‌ಆಕ್ಟಿವ್ ಎಂದು ಗುರುತಿಸಬಹುದು. ಆ ಒಂದು ಉತ್ತರವನ್ನು ಮನುಷ್ಯನೇ ಕಣ್ಣಿಟ್ಟು ನೋಡಿ ಕೊಡಲಿ. ಅದಕ್ಕೆ ಮೊದಲು ಟ್ಯಾಲಿ ಫೋಲ್ಡರ್ ಬೇರೆ ಕಡೆ ಕಾಪಿ ಆಗಿರಲಿ.

4. ಓಎಸ್ ಹಾಕುವುದು ಚಿಕ್ಕ ಕೆಲಸ. ಹಾಕಿದ ಮೇಲಿನದೇ ದೊಡ್ಡದು, ಅಲ್ಲೇ ಉತ್ತರದ ಕಡತ ನಿಜವಾಗಿ ಕೈಹಿಡಿಯುವುದು. ಹೊಸ ವಿಂಡೋಸ್ ಬಂದ ಮೇಲೆ ಸೊಸೈಟಿಯ ಕಾರ್ಯದರ್ಶಿ ಹಳೆಯ ನಡಾವಳಿ ತೆರೆದರೆ "ಕನ್ನಡ" ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು ಕಾಣುತ್ತವೆ. ಕಡತ ಕೆಟ್ಟಿಲ್ಲ, ಹಳೆಯ ನುಡಿ ಅಕ್ಷರಶೈಲಿ ಹೊಸ ಸಿಸ್ಟಂನಲ್ಲಿ ಇಲ್ಲ, ಅಷ್ಟೆ. ಆದರೆ ಅವರಿಗೆ ಅದು ದಾಖಲೆಯೇ ಹೋದಂತೆ. ತುಂಗಾ ಫಾಂಟ್‌ನಲ್ಲಿ ಮಾಡಿದ ಯೂನಿಕೋಡ್ ಪತ್ರಗಳ ಸಾಲುಗಳೂ ಅತ್ತಿತ್ತ ಆಗುತ್ತವೆ, ಯಾಕೆಂದರೆ ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಕನ್ನಡದ ಹೆಚ್ಚುವರಿ ಫಾಂಟ್‌ಗಳಲ್ಲಿ ಬೇರೆಯಾಗಿ ಸೇರಿಸಬೇಕು. ಅದಕ್ಕೇ ನನ್ನ ಕಡತದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ: ನುಡಿ, ಅದರ ಹಳೆಯ ಫಾಂಟ್‌ಗಳು, ತುಂಗಾ, ಕನ್ನಡ ಕೀಲಿಮಣೆ, ಭಾರತದ ಸಮಯ, ಪ್ರಿಂಟರ್ ಡ್ರೈವರ್. ಮೊದಲ ಲಾಗಿನ್‌ನಲ್ಲೇ ಓಡುವ ಸ್ಕ್ರಿಪ್ಟ್ ಇದನ್ನೆಲ್ಲ ಕೂರಿಸುತ್ತದೆ. ಕೈಯಿಂದ ಮಾಡುವಾಗ ಸಂಜೆಯ ಹೊತ್ತಿಗೆ ಕೊನೆಯ ಸಿಸ್ಟಂನಲ್ಲಿ ಏನಾದರೊಂದು ತಪ್ಪಿಹೋಗುವುದು ಸಹಜ, ಪಟ್ಟಿಗೆ ದಣಿವಿಲ್ಲ. ಕೇರಳದ ಕೈಟ್ ಸಂಸ್ಥೆ 2019ರಲ್ಲಿ ಉಬುಂಟು 18.04ನ್ನು ಮಲಯಾಳಂ ಮತ್ತು ಪಾಠದ ತಂತ್ರಾಂಶಗಳ ಸಮೇತ ಸಿದ್ಧ ಮಾಡಿ ಶಾಲೆಗಳಿಗೆ ಕೊಟ್ಟಿತು. ಅಲ್ಲಿನ ಮೇಷ್ಟರು ಹಾಕಿದ ಕೂಡಲೇ ಪಾಠ ಶುರು ಮಾಡಬಹುದು. ನಮ್ಮ ಶಾಲೆಗಳಿಗೂ ಅಂಥದ್ದು ಬೇಕೆಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

5. ನೆಟ್‌ವರ್ಕ್ ಮೂಲಕ ಓಎಸ್ ಇಳಿಸುವ ಪಿಎಕ್ಸ್ಇ, ಅದರ ಮೇಲೆ ಕೆಲಸ ಮಾಡುವ ಫಾಗ್ ಸರ್ವರ್ ಒಳ್ಳೆಯವೇ. ಆದರೆ ನೋಡಿಕೊಳ್ಳುವವರು ಬೇಕು. 1962ರಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಇರುವ ಮಂಡ್ಯದಲ್ಲಿ ಲಿನಕ್ಸ್ ಬಲ್ಲ ಹುಡುಗರು ಸಿಗುತ್ತಾರೆ. ಹಳ್ಳಿಯ ಶಾಲೆಯಲ್ಲಿ ಸರ್ವರ್ ಧೂಳು ಹಿಡಿಯುತ್ತದೆ. ಅಲ್ಲಿಗೆ ವೆಂಟಾಯ್ ಹಾಕಿದ ಒಂದು ಪೆನ್‌ಡ್ರೈವ್ ಸಾಕು: ಹಲವು ಓಎಸ್ ಫೈಲುಗಳು, ಅವುಗಳ ಉತ್ತರದ ಕಡತಗಳು ಒಂದರಲ್ಲೇ ಇರುತ್ತವೆ. ಸರ್ವರ್ ಹಾಕಲೇಬೇಕಾದರೆ ಅದರ ಡಿಎಚ್‌ಸಿಪಿಯನ್ನು ಆಫೀಸಿನ ರೂಟರ್ ಇರುವ ಜಾಲಕ್ಕೆ ಹಾಗೇ ಬಿಡಬೇಡಿ. ಇಬ್ಬರು ಐಪಿ ಹಂಚಲು ನಿಂತರೆ ಇಡೀ ಆಫೀಸಿನ ಇಂಟರ್‌ನೆಟ್ ನಿಲ್ಲಬಹುದು.

6. ನಕಲು ಎತ್ತುವ ಮೊದಲು ಯಂತ್ರದ ಗುರುತು ಅಳಿಸಿ. ವಿಂಡೋಸ್‌ನಲ್ಲಿ ಸಿಸ್‌ಪ್ರೆಪ್‌ನ ಜನರಲೈಸ್. ಲಿನಕ್ಸ್‌ನಲ್ಲಿ ಮೆಷಿನ್ ಐಡಿ ಖಾಲಿ ಮಾಡುವುದು. ಇದನ್ನು ಬಿಟ್ಟರೆ ಎರಡು ಲಿನಕ್ಸ್ ಸಿಸ್ಟಂ ಒಂದೇ ಐಪಿ ಹಿಡಿದು ಕೂರಬಹುದು, ಕಾರಣ ಹುಡುಕಿದರೂ ಸಿಗುವುದಿಲ್ಲ.

7. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಈಚಿನದಿರಬೇಕು. ತಡೆ ದಾಟಿಸುವ ಉಪಾಯಗಳಿವೆ. ಉತ್ತರದ ಕಡತದಲ್ಲೇ ಬರೆಯಬಹುದು. ಶಾಲೆಗೆ ನಾನು ಹಾಗೆ ಮಾಡುವುದಿಲ್ಲ, ಮುಂದಿನ ಅಪ್‌ಡೇಟ್ ಬರದೆ ನಿಂತರೆ ಒದ್ದಾಡುವವರು ಮೇಷ್ಟರು. 11 ಕೂರದ ಯಂತ್ರಗಳಿಗೆ ಉಬುಂಟು ಹಾಕಿ, ಕನ್ನಡ ಕೀಲಿಮಣೆ ಕೂರಿಸಿಕೊಡುತ್ತೇನೆ.

8. ಶುರು ಮಾಡುವ ಮೊದಲು ಯುಪಿಎಸ್ ನೋಡಿ. ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದ ಗಳಿಗೆಗೆ ಕೆಲಸ ನಿಲ್ಲುತ್ತದೆ, ಅರ್ಧ ಇಳಿದ ನಕಲು ಬೂಟ್ ಆಗುವುದಿಲ್ಲ.

9. ಕೆಲಸ ಮುಗಿದ ಮೇಲೆ ಉತ್ತರದ ಕಡತವಿರುವ ಪೆನ್‌ಡ್ರೈವ್ ಅನ್ನು ಶಾಲೆಯಲ್ಲೇ ಕೊಟ್ಟು ಬನ್ನಿ. ಕಡತದಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದರೆ ಮೊದಲು ತೆಗೆದು, ಶಾಲೆಯವರದ್ದೇ ಹಾಕಿ. ಜೊತೆಗೆ ಕನ್ನಡದಲ್ಲಿ ಅರ್ಧ ಪುಟದ ಚೀಟಿ: ಬೂಟ್ ಮೆನುಗೆ ಈ ಮಾಡೆಲ್‌ನಲ್ಲಿ ಯಾವ ಕೀ, ಡಿಸ್ಕ್ ಕೇಳಿದಾಗ ಯಾವುದನ್ನು ಆರಿಸಬೇಕು, ಕಡತ ಕೊನೆಗೆ ತಿದ್ದಿದ ತಾರೀಕು. ಕಂಪ್ಯೂಟರ್ ಮೇಷ್ಟರ ಕೈಯಲ್ಲೇ ಒಂದು ಸಿಸ್ಟಂಗೆ ಓಎಸ್ ಹಾಕಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಅವರು ಎಲ್ಲಿ ತಡೆದು ನಿಮ್ಮ ಮುಖ ನೋಡುತ್ತಾರೋ ಚೀಟಿಯಲ್ಲಿ ಆ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿ.