ಶಿವಾಚಾರವೂ ನಾಗರಿಕ ಹಕ್ಕೂ

ಪಂಚಾಚಾರಗಳಲ್ಲೊಂದಾದ ಶಿವಾಚಾರದ ಲಕ್ಷಣವು ಸದ್ಭಕ್ತರಿಗೆ ವಿದಿತವಾದುದೇ ಆಗಿದೆ. ಲಿಂಗವಂತನಲ್ಲಿ ಪೂರ್ವಜಾತಿಯನ್ನು ಅರಸದೆ, ವೃತ್ತಿಯಿಂದ ಮೇಲುಕೀಳೆಣಿಸದೆ, ಸಮಭಾವದಿಂದ ನಡೆಯುವುದೇ ಶಿವಾಚಾರ. ಆದರೆ ಈ ಸಮಭಾವವು ನಮ್ಮ ಪಂಕ್ತಿಯಲ್ಲಿಯೇ ನಿಲ್ಲತಕ್ಕದ್ದೋ, ಊರ ಹೊರಗಣ ಕೇರಿಯವರೆಗೂ ನಡೆಯತಕ್ಕದ್ದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಬಸವಣ್ಣನವರು ತಮ್ಮ ಹಿರಿಯರೆಂದೇ ಭಾವಿಸಿದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಆ ತಂದೆಯರಿಬ್ಬರೂ ಪ್ರಾಣವನ್ನು ತೆತ್ತರೆಂದು ಪರಂಪರೆಯು ಹೇಳುತ್ತದೆ. ಕಲ್ಯಾಣದಲ್ಲಿ ಶರಣರು ಸ್ಥಾಪಿಸಹೊರಟುದು ಕೀಳಾದವರ ಮೇಲಣ ಕನಿಕರವನ್ನಲ್ಲ, ಸಮಾನತೆಯನ್ನು.

ಕನಿಕರಕ್ಕೂ ಹಕ್ಕಿಗೂ ಇರುವ ಭೇದವನ್ನು ದೂರದೇಶದ ಒಂದು ದೃಷ್ಟಾಂತವು ವಿಶದಪಡಿಸುತ್ತದೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿ ನಗರದಲ್ಲಿ ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಎಂಬ ಮಹಿಳೆಯು ಬಸ್ಸಿನಲ್ಲಿ ಬಿಳಿಯನಿಗಾಗಿ ಆಸನವನ್ನು ಬಿಟ್ಟೇಳಲೊಲ್ಲದೆ ಬಂಧಿತಳಾದಳು. ಮಾರ್ಟಿನ್ ಲೂಥರ್ ಕಿಂಗರ ಮುಂದಾಳುತನದಲ್ಲಿ ಅಲ್ಲಿಯ ಕಪ್ಪುಜನರು 381 ದಿನಗಳ ಕಾಲ ಬಸ್ಸನ್ನೇರಲಿಲ್ಲ. ಅವರು ಬೇಡಿದುದು ದಾನವಲ್ಲ. ತಾವೇ ಹಣ ತೆತ್ತ ಆಸನ. ಅದೇ 1955ರಲ್ಲಿ ನಮ್ಮ ದೇಶದಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಬಂದಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರಾಯಿತು. ಬಾವಿಯ ನೀರು, ದೇಗುಲದ ಬಾಗಿಲು ನಮ್ಮ ಔದಾರ್ಯದ ಫಲವಲ್ಲ, ಅವರ ಹಕ್ಕು ಎಂಬ ತತ್ತ್ವವು ಆ ಹೆಸರಿನಲ್ಲಿಯೇ ಅಡಗಿದೆ.

ಇನ್ನು ನಮ್ಮ ಸೀಮೆಯನ್ನೇ ನೋಡೋಣ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿದ ಕವಿ ಸಿದ್ಧಲಿಂಗಯ್ಯನವರು ‘ಊರುಕೇರಿ’ ಎಂಬ ಆತ್ಮಕಥೆಯಲ್ಲಿ ಬಾಲ್ಯದ ಒಂದು ದೃಶ್ಯವನ್ನು ಬರೆದಿರುವರು. ಹೊಲದಲ್ಲಿ ಎತ್ತುಗಳಿಗೆ ಬದಲಾಗಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದರು. ಅವರಲ್ಲೊಬ್ಬರು ಅವರ ತಂದೆ. ಕಾಯಕವನ್ನು ಕೈಲಾಸವೆಂದು ಬಗೆಯುವ ನಾವು ಇದನ್ನು ಕಾಯಕವೆನ್ನಬಹುದೆ? ಮನುಷ್ಯನನ್ನು ಪಶುವಾಗಿಸುವ ದುಡಿಮೆಯು ಕಾಯಕವಲ್ಲ. ಆ ಬಾಲಕನೇ ಮುಂದೆ ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮೊದಲಾದವರೊಡನೆ ದಲಿತ ಚಳವಳಿಯನ್ನು ಕಟ್ಟಿ, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಅದೇ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಅವತರಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಕುಲವನ್ನು ಕೇಳದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಅದಕ್ಕೆ ದಾನವೆಂಬ ಹೆಸರಿಲ್ಲ; ದಾಸೋಹವೆಂದು ಹೆಸರು. ‘ದಾಸೋಽಹಂ’ ಎಂದರೆ ‘ನಾನು ದಾಸನು’ ಎಂದರ್ಥ. ದಾನಿಯು ತನ್ನದೆಂದು ಕೊಡುತ್ತಾನೆ. ದಾಸನಾದರೋ ಒಡೆಯನಿಗೆ ಸಲ್ಲತಕ್ಕುದನ್ನು ಸಲ್ಲಿಸುತ್ತಾನೆ. ಆದುದರಿಂದ ಇಂದಿನವರು ಹಕ್ಕೆಂದು ಕರೆಯುವುದು ನಮಗೆ ಹೊರಗಿನಿಂದ ಬಂದ ಮಾತಲ್ಲ; ದಾಸೋಹದ ಮತ್ತೊಂದು ಮುಖವೇ ಅದು.

ಗೃಹಸ್ಥರಾದ ಭಕ್ತರಲ್ಲಿ ಒಂದು ವಿಜ್ಞಾಪನೆ. ಮಠದ ಶಾಲೆಯಲ್ಲಿ ಹರಳಯ್ಯನ ಕಥೆಯನ್ನು ಕೇಳಿ ಮನೆಗೆ ಬಂದ ಬಾಲಕನು, ಹೊಲದ ಆಳಿಗಾಗಿ ಜಗಲಿಯ ಮೂಲೆಯಲ್ಲಿರಿಸಿದ ಬೇರೆ ಲೋಟವನ್ನು ಕಂಡರೆ, ಯಾವ ಪಾಠವನ್ನು ನಂಬಬೇಕು? ಆ ಲೋಟವನ್ನು ಇಂದೇ ಒಳಗಣ ಲೋಟಗಳೊಡನೆ ಬೆರೆಸುವುದು ಲೇಸು. ಶಿವಾಚಾರದ ಆರಂಭವು ಅಲ್ಲಿಂದಲೇ.